ಅಕ್ಕನ ಕೈ ನಡುಗಿರಲಿಲ್ಲ

ಅಕ್ಕ ತೆಗೆದ ಫೋಟೋಗಳು ಮಸುಕಾಗಿದ್ದವು ಎಂದು ಇನ್ನು ಯಾರಾದರೂ ನನ್ನೆದುರು ಹೇಳಿದರೆ ನಾನು ಮುಖಮೂತಿ ನೋಡುವುದಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ನೋಡಲಿಲ್ಲ. ಮೊನ್ನೆ ಶಿಕಾಗೋದ ಡೆವನ್ ಅವೆನ್ಯೂವಿನ ಅಂಗಡಿಯಲ್ಲಿ ನನ್ನ ಪಕ್ಕ ಬೆಂಡೆಕಾಯಿ ಆರಿಸುತ್ತಿದ್ದ ಹೆಂಗಸೊಬ್ಬರು, "ಪಾಪ, ಆಂಟಿ ಫೋಟೋಗಳು ಅಷ್ಟೇನೂ ಚೆನ್ನಾಗಿ ಬರ್ತಿರ್ಲಿಲ್ಲ, ಆದ್ರೂ ಎಷ್ಟು ಆಸೆಯಿಂದ ತೆಗೀತಿದ್ರು" ಎಂದಾಗಲೂ ನೋಡಲಿಲ್ಲ. ಬೆಂಡೆಕಾಯಿ ಚೀಲ ಅಲ್ಲೇ ಇಟ್ಟು ಅವರಿಗೆ ಪಾಠ ಶುರು ಮಾಡಿದೆ. ಹೊರಗೆ ಕಾರಿನಲ್ಲಿ ಕೂತಿದ್ದ ನನ್ನ ಗಂಡ ಪಾರ್ಕಿಂಗ್ ಸಮಯ ಮುಗಿಯಿತೆಂದು ಫೋನಿನ ಮೇಲೆ ಫೋನು ಮಾಡುತ್ತಿದ್ದ. ಮನೆಗೆ ಬರುವ ದಾರಿಯಲ್ಲಿ, "ಇದನ್ನೆಲ್ಲ ಒಂದು ಕಡೆ ಬರೆದುಬಿಡು, ತರಕಾರಿ ಅಂಗಡಿಗಾದರೂ ನೆಮ್ಮದಿ ಸಿಗ್ಲಿ" ಎಂದ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕನ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಕನ್ನಡ ಕೂಟದ ಅಧ್ಯಕ್ಷರ ಹೆಸರನ್ನೂ ಬರೆಯಬೇಕಾಗುತ್ತದೆ, ಆ ಮನುಷ್ಯನಿಗೆ ಅಷ್ಟು ಗೌರವ ಕೊಡುವ ಮನಸ್ಸು ನನಗಿಲ್ಲ. ಶಿಕಾಗೋ ಸುತ್ತಲಿನ ಕನ್ನಡದವರೆಲ್ಲ ಅವರನ್ನು ಆಂಟಿ ಎನ್ನುತ್ತಿದ್ದರು. ನಾನೊಬ್ಬಳೇ ಅಕ್ಕ ಎನ್ನುತ್ತಿದ್ದೆ, ಅದೂ ಅವರ ಅಪ್ಪಣೆಯ ಮೇರೆಗೆ.

ಅವರನ್ನು ಮೊದಲು ಕಂಡದ್ದೂ ಡೆವನ್ ಅವೆನ್ಯೂನಲ್ಲೇ. ಮದುವೆಯಾಗಿ ಬಂದ ಹೊಸತು. ಸೀರೆ ಅಂಗಡಿಯೊಂದರ ಮುಂದೆ ಗಂಡನನ್ನು ನಿಲ್ಲಿಸಿ, ಊರಿಗೆ ಕಳಿಸಲೆಂದು ಫೋಟೋ ತೆಗೆಯುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಏ ತಂಗಿ, ಏನ್ ತಗ್ಯಾಕತ್ತಿ? ಬಿಸಿಲು ಅವನ ಬೆನ್ನಿಗೈತಿ. ಮಾರಿ ಹಂಚಿನ ತಳದಂಗ ಬರ್ತೈತಿ."

ತಿರುಗಿ ನೋಡಿದರೆ ಕುಳ್ಳನೆಯ ಹೆಂಗಸು. ಇಳಕಲ್ ಸೀರೆಯ ಮೇಲೆ ಗಂಡಸರ ಕೋಟು, ಕಾಲಿಗೆ ಓಡುವವರ ಬೂಟು, ಕಂಕುಳಲ್ಲಿ ಮೆಂತ್ಯದ ಕಟ್ಟು. ನನ್ನನ್ನು ತೋಳು ಹಿಡಿದು ಆ ಕಡೆ ನಿಲ್ಲಿಸಿದರು, ನನ್ನ ಗಂಡನನ್ನು ಈ ಕಡೆ ತಳ್ಳಿದರು. ಆಮೇಲೆ ನನ್ನ ಎರಡೂ ಮೊಣಕೈಗಳನ್ನು ಹಿಡಿದು ಪಕ್ಕೆಗೆ ಒತ್ತಿದರು. "ಹಿಂಗ ನಿಲ್ಲು. ಉಸಿರು ಬಿಡು. ಆಮ್ಯಾಲೆ ಒತ್ತು." ಒತ್ತಿದೆ. "ಥ್ಯಾಂಕ್ಸ್ ಆಂಟಿ" ಎಂದೆ. "ನಿನ್ನಂಥಾ ಕುದುರಿಗೆ ನಾ ಹ್ಯಾಂಗ ಆಂಟಿ ಆಗ್ತೀನಿ? ಅಕ್ಕಾ ಅನ್ನು" ಎಂದರು. ನಮ್ಮ ಮನೆ ಎಲ್ಲಿ ಎಂದು ಕೇಳಿ, ಶಿಕಾಗೋ ಹೊರವಲಯದ ಲೈಲ್ ಎಂದಾಗ, ತಾವೂ ಅಲ್ಲೇ ಇರುವುದೆಂದೂ ಭಾನುವಾರ ಬರಬೇಕೆಂದೂ ಹೇಳಿ ಹೋದರು. ಅದು ಆಮಂತ್ರಣದಂತಿರಲಿಲ್ಲ, ಸಮನ್ಸ್ ಇದ್ದ ಹಾಗಿತ್ತು. ಆ ದಿನ ತೆಗೆದ ಚಿತ್ರ ಇವತ್ತಿಗೂ ನಮ್ಮ ಹಾಲ್‌ನಲ್ಲಿದೆ, ನನ್ನ ಗಂಡ ಅಷ್ಟು ಚೆನ್ನಾಗಿ ಮತ್ತೆ ಯಾವ ಫೋಟೋದಲ್ಲೂ ಬಂದಿಲ್ಲ.

ಅಕ್ಕ ಹುಬ್ಬಳ್ಳಿಯವರು. ಕಾರು ಕಾರ್ಖಾನೆಯಲ್ಲಿ ಗಂಡನಿಗೆ ಕೆಲಸ ಸಿಕ್ಕಿತೆಂದು ಡೆಟ್ರಾಯಿಟ್‌ಗೆ ಬಂದು, ಅಲ್ಲಿಯ ದೊಡ್ಡ ಆಸ್ಪತ್ರೆಯೊಂದರ ಫೋಟೋ ವಿಭಾಗಕ್ಕೆ ಸೇರಿ, ನಿವೃತ್ತಿಯವರೆಗೂ ಅಲ್ಲೇ ದುಡಿದರು. ಆಗ ಡಾಕ್ಟರುಗಳು ಭಾಷಣಕ್ಕೆ ಸ್ಲೈಡುಗಳನ್ನೇ ಒಯ್ಯುತ್ತಿದ್ದರು. ಎರಡು ಬೆರಳಗಲದ ಫಿಲ್ಮಿನ ತುಂಡು, ಸುತ್ತ ರಟ್ಟಿನ ಚೌಕಟ್ಟು, ಪ್ರೊಜೆಕ್ಟರಿನ ದೀಪದ ಮುಂದೆ ಇಟ್ಟರೆ ಗೋಡೆ ತುಂಬ ಚಿತ್ರ. ಅಂಥವನ್ನು ಮಾಡಿಕೊಡುವುದು ಅಕ್ಕನ ಕೆಲಸ. ಒಮ್ಮೆ ಒಬ್ಬ ಸರ್ಜನ್ ತಾನೇ ತೆಗೆದ, ರೋಗಿಯ ಹೊಟ್ಟೆಯ ಗಡ್ಡೆಯ ಚಿತ್ರ ತಂದು, ಇದರ ಸ್ಲೈಡ್ ಬೇಕು ಎಂದನಂತೆ. ಫೋಕಸ್ ಇರಲಿಲ್ಲ. ಅಕ್ಕ ಮಾಡಿಕೊಡಲಿಲ್ಲ. ಅವನು ರೇಗಿದ, ಮೇಲಿನವರಿಗೆ ಹೇಳುತ್ತೇನೆ ಎಂದ. "ನಾ ಅಂದೆ, ಡಾಕ್ಟರ್ ಸಾಹೇಬ್ರ, ಮಸುಕಾದ ಗಡ್ಡಿ ತೋರಿಸಿ ಹುಡುಗ್ರಿಗೆ ಏನ್ ಕಲಸ್ತೀರಿ? ನಾಳೆ ಅವ್ರು ಮಸುಕು ಕಂಡಲ್ಲೆಲ್ಲಾ ಕತ್ತರಿ ಹಾಕ್ತಾರ." ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದರೋ ಗೊತ್ತಿಲ್ಲ. ಸರ್ಜನ್ ಮಾತ್ರ ಮರುದಿನ ಅಕ್ಕನನ್ನೇ ಆಪರೇಷನ್ ಕೋಣೆಗೆ ಕರೆದುಕೊಂಡು ಹೋದನಂತೆ.

ಆಸ್ಪತ್ರೆ ಬಾಗಿಲು ದಾಟಿದರೆ ಅದೇ ಕೈಗಳು ನಮ್ಮ ಜನರ ಫೋಟೋ ತೆಗೆಯುತ್ತಿದ್ದವು. ಡೆಟ್ರಾಯಿಟ್‌ನ ಕೆಲವೇ ಕನ್ನಡ ಮನೆಗಳು, ಹಬ್ಬಕ್ಕೆ ಅವರು ಶಿಕಾಗೋಗೆ ಬರುವುದು, ಇಲ್ಲಿಯವರು ಅಲ್ಲಿಗೆ ಹೋಗುವುದು, ದಾರಿಯಲ್ಲಿ ಕಾರು ನಿಲ್ಲಿಸಿ ಹಿಮದ ನಡುವೆ ಬುತ್ತಿ ಬಿಚ್ಚುವುದು. ದೇವರಿಗೆ ಗುಡಿಯಿಲ್ಲದೆ ಯಾರದೋ ಬೇಸ್‌ಮೆಂಟಿನಲ್ಲಿ ಗಣಪತಿ ಕೂತಿದ್ದ ಕಾಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಗಿಸುವುದು ಅಕ್ಕನಿಗೆ ಆಗದು. "ಸಾಲಾಗಿ ನಿಲ್ಲೂದು ರೇಷನ್ ಅಂಗಡಿ ಮುಂದ" ಎನ್ನುತ್ತಿದ್ದರು. ಯಾರೋ ಹೊಸದಾಗಿ ಬಂದವಳು ಮೊದಲ ಸಲ ಹಿಮ ಮುಟ್ಟುತ್ತಿರುವುದು, ಯಾರೋ ಕಾರಿನ ಡಿಕ್ಕಿಯ ಮೇಲೆ ರೊಟ್ಟಿಗೆ ಚಟ್ನಿಪುಡಿ ಹಾಕುತ್ತಿರುವುದು, ಇಂಥವೇ. ಈ ಎಲ್ಲದರಲ್ಲೂ ಇಲ್ಲದವರು ಅವರೊಬ್ಬರೇ. ಕ್ಯಾಮೆರಾವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಗಂಡ ಒಮ್ಮೆ ಕೇಳಿದ್ದಕ್ಕೆ, "ನೀವು ಕಾರ್ ಮಾಡ್ರಿ" ಎಂದರಂತೆ.

ಗಂಡ ತೀರಿಕೊಂಡ ಮೇಲೆ ಮಗಳಿಗೆ ಹತ್ತಿರವಾಗಲೆಂದು ಲೈಲ್‌ಗೆ ಬಂದಿದ್ದರು. ಭಾನುವಾರ ಅವರ ಬೇಸ್‌ಮೆಂಟಿನಲ್ಲಿ ಸ್ಲೈಡ್ ಶೋ. ಸೋಪಿನಲ್ಲಿ ಕೈ ತೊಳೆಯದೆ ಕೆಳಗಿಳಿಯುವಂತಿರಲಿಲ್ಲ. ಪ್ರೊಜೆಕ್ಟರ್ ಓಡುವಾಗ ಚಿಪ್ಸ್ ಕುರುಕುವಂತಿರಲಿಲ್ಲ. ಅಕ್ಕ ಏನೂ ವಿವರಿಸುತ್ತಿರಲಿಲ್ಲ, ಬದಲಿಗೆ ನಮ್ಮನ್ನೇ ಕೇಳುತ್ತಿದ್ದರು, "ಏನ್ ಕಂಡ್ತು ಹೇಳು." ಹೆಂಗಸು ಅಂದರೆ ಸಾಲದು, ಆಕೆ ಬಳೆ ಬಿಚ್ಚಿಟ್ಟಿದ್ದಾಳೆ, ಹಾಗಾದರೆ ಹಿಟ್ಟು ನಾದುವವಳಿದ್ದಾಳೆ ಎನ್ನಬೇಕು. ಗೋಡೆಯಷ್ಟು ದೊಡ್ಡ ಚಿತ್ರದಲ್ಲಿ ಪಕ್ಕಕ್ಕೆ ಬಿಚ್ಚಿಟ್ಟ ಬಳೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಇದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಬೆಂಡೆಕಾಯಿ ಆರಿಸುವವರು ನೋಡಿಲ್ಲ.

ಒಳ್ಳೆಯ ಸ್ವಭಾವದವರು ಎಂದು ಸುಳ್ಳು ಹೇಳಲಾರೆ. ನನ್ನ ಮಗಳ ಹುಟ್ಟುಹಬ್ಬಕ್ಕೆ ಕರೆದರೆ, ನಿಮ್ಮ ಮನೆಯ ದೀಪ ಹಳದಿ, ಎಲ್ಲರೂ ಕಾಮಾಲೆಯಾದವರ ಹಾಗೆ ಕಾಣುತ್ತಾರೆ ಎಂದು ಬರಲಿಲ್ಲ. ಆದರೆ ನನಗೆ ಕೆಲಸ ಮಾಡುವ ಪರ್ಮಿಟ್ ಇಲ್ಲದೆ, ಗಂಡನ ವೀಸಾದ ಬಾಲವಾಗಿ, ಮಧ್ಯಾಹ್ನವೆಲ್ಲ ಕಿಟಕಿ ನೋಡುತ್ತ ಕೂತಿದ್ದ ದಿನಗಳಲ್ಲಿ ಫೋನು ಮಾಡಿದವರೂ ಅವರೇ. "ಗ್ವಾಡಿ ನೋಡಿಕೋತ ಕುಂತರ ಗ್ವಾಡಿ ಏನ್ ಪಗಾರ ಕೊಡ್ತೈತಿ? ಬಾ ಇಲ್ಲೆ. ಸ್ಕ್ಯಾನಿಂಗ್ ಕಲಿ."

ಆಗ ಜನ ತಮ್ಮ ಹಳೆಯ ಸ್ಲೈಡುಗಳನ್ನು ಅಕ್ಕನಿಗೆ ತಂದುಕೊಡುತ್ತಿದ್ದರು. ಅಕ್ಕ ಅವನ್ನು ಸ್ಕ್ಯಾನ್ ಮಾಡಿಕೊಡುತ್ತಿದ್ದರು. ತಮ್ಮವನ್ನು ಮಾತ್ರ ಮಾಡಿರಲಿಲ್ಲ. ಸ್ಲೈಡೇ ಇರುವಾಗ ಅದರ ನಕಲು ಯಾಕೆ ಎಂಬುದು ಅವರ ಲೆಕ್ಕ. ನನಗೆ ಅಭ್ಯಾಸಕ್ಕೆಂದು ತಮ್ಮದೊಂದನ್ನು ಕೊಟ್ಟರು. "ಇದು ಕೆಟ್ಟದ್ದು. ನನ್ನ ನೆರಳು ಬಿದ್ದೈತಿ. ಹಾಳಾದ್ರೂ ಚಿಂತಿಲ್ಲ."

ಸ್ಕ್ಯಾನರಿನ ಒಳಗೆ ಇಟ್ಟೆ. ರೆಸಲ್ಯೂಶನ್ ಎಷ್ಟು, ಅಂದರೆ ಇಂಚಿಗೆ ಎಷ್ಟು ಚುಕ್ಕಿ ಎಂದು ಕಂಪ್ಯೂಟರ್ ಕೇಳಿತು. ಎಲ್ಲರೂ ಹೇಳುವಂತೆ ಮುನ್ನೂರು ಎಂದು ಒತ್ತಿದೆ. ಪರದೆಯ ನಡುವೆ ಅಂಚೆ ಚೀಟಿಯಷ್ಟು ಚಿತ್ರ ಬಂತು. ದೊಡ್ಡದು ಮಾಡಿದರೆ ಮುಖಗಳೆಲ್ಲ ಚೌಕ ಚೌಕ.

"ಹಾಳಾಗಿದೆ ಅಕ್ಕ ಸ್ಲೈಡು" ಎಂದೆ.

"ಸ್ಲೈಡ್ ಅಲ್ಲ, ನಿನ್ನ ತಲಿ. ನಿಮ್ಮ ಮೈಸೂರಾಗ ರಂಗೋಲಿ ಕಲಸೂಮುಂದ ಏನಂತ ಕೇಳ್ತಾರ?"

"ಎಷ್ಟು ಚುಕ್ಕಿ, ಎಷ್ಟು ಸಾಲು ಅಂತ."

"ಇಂಚಿಗೆ ಎಷ್ಟು ಚುಕ್ಕಿ ಅಂತ ಯಾರರ ಕೇಳ್ತಾರೇನು?"

"ಇಲ್ಲ."

"ಯಾಕಿಲ್ಲ? ಅಂಗಳ ದೊಡ್ಡದಿದ್ರ ಚುಕ್ಕಿ ದೂರ ದೂರ ಇಡ್ತಿ. ಸಣ್ಣದಿದ್ರ ಹತ್ತರ ಹತ್ತರ ಇಡ್ತಿ. ರಂಗೋಲಿ ಒಂದ. ಫೋಟೋನೂ ಹಂಗ. ಒಟ್ಟು ಎಷ್ಟು ಚುಕ್ಕಿ ಅದಾವು ಅನ್ನೂದರ ಮ್ಯಾಲೆ ಐತಿ ಎಲ್ಲಾ. ಇಂಚಿಗೆ ಮುನ್ನೂರು ಅಂದ್ಯಲ್ಲ, ಯಾವುದರ ಇಂಚು?"

ಆಮೇಲೆ ಸ್ಲೈಡನ್ನು ಅಳತೆಪಟ್ಟಿಯ ಪಕ್ಕ ಇಟ್ಟು ತೋರಿಸಿದರು. ಫಿಲ್ಮಿನ ಅಗಲ ಒಂದೂವರೆ ಇಂಚಿಗೂ ಚೂರು ಕಡಿಮೆ. ಇಂಚಿಗೆ ಮುನ್ನೂರರಂತೆ ತೆಗೆದರೆ ಅಡ್ಡಕ್ಕೆ ಒಟ್ಟು ನಾನೂರಿಪ್ಪತ್ತು ಚುಕ್ಕಿ ಸಿಕ್ಕೀತು, ಅಷ್ಟೇ. ಪುಸ್ತಕ ಅಚ್ಚು ಹಾಕುವವರು ಕೇಳುವ ಮುನ್ನೂರು ಕಾಗದದ ಇಂಚಿಗೆ. ಹತ್ತಿಂಚಿನ ಪುಟಕ್ಕೆ ಮೂರು ಸಾವಿರ ಚುಕ್ಕಿ ಬೇಕು, ಅಷ್ಟೂ ಈ ಒಂದೂವರೆ ಇಂಚಿನಿಂದಲೇ ಬರಬೇಕು. ಹಾಗಾಗಿ ಸ್ಲೈಡಿಗೆ ಅಕ್ಕ ಇಡುತ್ತಿದ್ದುದು ಇಂಚಿಗೆ ನಾಲ್ಕು ಸಾವಿರ. ಅಡ್ಡಕ್ಕೆ ಐದೂವರೆ ಸಾವಿರ ಚುಕ್ಕಿಗೂ ಮೇಲೆ.

"ಅಷ್ಟೆಲ್ಲ ಬೇಡದಿದ್ರೆ?" ಎಂದು ಕೇಳಿದೆ.

"ಬ್ಯಾಡಾದ್ರ ಆಮ್ಯಾಲೆ ಕಡಿಮಿ ಮಾಡು. ಸಾರಿಗೆ ಉಪ್ಪು ಹಾಕಾಕ ಬರ್ತೈತಿ, ತಗ್ಯಾಕ ಬರೂದಿಲ್ಲ. ಇದು ಉಲ್ಟಾ. ಇಲ್ಲೆ ತಗ್ಯಾಕ ಬರ್ತೈತಿ, ಹಾಕಾಕ ಬರೂದಿಲ್ಲ."

ನಾಲ್ಕು ಸಾವಿರಕ್ಕೆ ಮತ್ತೆ ಸ್ಕ್ಯಾನ್ ಮಾಡಿದಾಗ ಅದೇ 'ಕೆಟ್ಟ' ಸ್ಲೈಡಿನಲ್ಲಿ ಒಬ್ಬರ ಕೈಗಡಿಯಾರದ ಮುಳ್ಳುಗಳು ಕಂಡವು.

ನನಗೆ ಪರ್ಮಿಟ್ ಬಂತು, ಇಲ್ಲೇ ಲೈಲ್‌ನ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಅಕ್ಕನಿಗೆ ವಯಸ್ಸಾಯಿತು. ಒಂದು ಕಣ್ಣಿನ ನಡುಭಾಗದ ದೃಷ್ಟಿ ಹೋಯಿತು, ಇನ್ನೊಂದು ಹೋಗುವ ಹಾದಿಯಲ್ಲಿತ್ತು. ಸ್ಕ್ಯಾನರನ್ನು ನನಗೇ ಕೊಟ್ಟರು. ಕಳೆದ ವರ್ಷ ನಾನು ಮೈಸೂರಿಗೆ ಹೋಗಿದ್ದಾಗ, ಅಕ್ಕನ ಮಗಳು ಅವರನ್ನು ಪಕ್ಕದ ನೇಪರ್‌ವಿಲ್‌ನ ವೃದ್ಧರ ಅಪಾರ್ಟ್‌ಮೆಂಟಿಗೆ ಸೇರಿಸಿ ಲೈಲ್‌ನ ಮನೆ ಖಾಲಿ ಮಾಡಿಸಿದಳು. ಅದೇ ಹೊತ್ತಿಗೆ ನಮ್ಮ ಕೂಟಕ್ಕೆ ವಾರ್ಷಿಕೋತ್ಸವದ ಸಂಭ್ರಮ, ಸ್ಮರಣ ಸಂಚಿಕೆಗೆ ಹಳೆಯ ಫೋಟೋಗಳು ಬೇಕಾಗಿದ್ದವು. ಬೇಸ್‌ಮೆಂಟಿನಲ್ಲಿದ್ದ ಸ್ಲೈಡಿನ ಟ್ರೇಗಳನ್ನೆಲ್ಲ ಸಮಿತಿಯವರು ವ್ಯಾನಿಗೆ ತುಂಬಿಕೊಂಡು ಹೋದರು. ಅಕ್ಕ ಅಧ್ಯಕ್ಷರಿಗೆ ಫೋನು ಮಾಡಿ, ನಾಲ್ಕು ಸಾವಿರಕ್ಕೆ ಇಡಿ ಎಂದಿದ್ದರಂತೆ. "ಆಂಟಿ, ನೀವು ರೆಸ್ಟ್ ತಗೊಳ್ಳಿ, ನಮ್ಮ ಟೀಮಲ್ಲಿ ಎಲ್ಲರೂ ಐಟಿಯವರೇ" ಎಂದನಂತೆ ಆ ಮಹಾನುಭಾವ.

ನಾನು ವಾಪಸು ಬಂದ ವಾರವೇ ಕಾರ್ಯಕ್ರಮ. ಶಾಲೆಯೊಂದರ ಸಭಾಂಗಣ, ವೇದಿಕೆಯ ಮೇಲೆ ಸಿನಿಮಾ ಮಂದಿರದಷ್ಟು ದೊಡ್ಡ ಪರದೆ, ಮುಂದಿನ ಸಾಲಿನಲ್ಲಿ ಅಕ್ಕ. ಪಕ್ಕದಲ್ಲಿ ನಾನು. ದೀಪ ಆರಿತು. ಅಕ್ಕನ ಚಿತ್ರಗಳು ಬಂದವು. ಒಂದಾದ ಮೇಲೊಂದು ಮಂಜಿನ ಮುದ್ದೆ. ಮುಖಗಳ ಜಾಗದಲ್ಲಿ ಗೋಧಿಬಣ್ಣದ ಕಲೆಗಳು. ಯಾವ ಸೀರೆಗೂ ಅಂಚಿಲ್ಲ. ಹಿಂದಿನ ಸಾಲುಗಳಲ್ಲಿ, ಇದು ಯಾರು, ನಮ್ಮತ್ತೆನಾ, ಗೊತ್ತಾಗ್ತಿಲ್ಲ ಎಂಬ ಗುಸುಗುಸು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

ದೀಪ ಹತ್ತಿದ ಮೇಲೆ ಅಧ್ಯಕ್ಷರು ಶಾಲು ಹೊದಿಸಲು ಬಂದು ಮೈಕಿನಲ್ಲಿ ಹೇಳಿದರು: "ಆಗಿನ ಕಾಲದ ಕ್ಯಾಮೆರಾ ಅಲ್ವಾ, ಅಷ್ಟೇ ಬರೋದು. ಚಳಿಗೆ ಆಂಟಿ ಕೈ ಬೇರೆ ನಡುಗಿರುತ್ತೆ. ಆದ್ರೆ ಅವರ ಪ್ರೀತಿ ಮಾತ್ರ ಫುಲ್ ಎಚ್‌ಡಿ." ಜನ ನಕ್ಕರು, ಚಪ್ಪಾಳೆ ಹೊಡೆದರು. ಸರ್ಜನ್ ಒಬ್ಬನನ್ನು ಬಾಗಿಲಿನಿಂದ ವಾಪಸು ಕಳಿಸಿದ್ದ ಹೆಂಗಸು ಶಾಲು ಹೊದ್ದುಕೊಂಡು ಸುಮ್ಮನೆ ನಿಂತಿದ್ದರು.

ಅವರನ್ನು ಅಪಾರ್ಟ್‌ಮೆಂಟಿಗೆ ಬಿಡಲು ನಾನೇ ಡ್ರೈವ್ ಮಾಡಿದೆ. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಹತ್ತಿರ ಬಂದಾಗ ಅಕ್ಕ ಕೇಳಿದರು.

"ನನ್ನ ಕಣ್ಣಿಗೆ ಹಂಗ ಕಂಡ್ತೋ, ಖರೇನ ಹಂಗಿದ್ವೋ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹಾಗೇ ಇದ್ವು ಅಕ್ಕ."

"ಹಂಗಾದ್ರ ನನ್ನ ಕೈ ನಡುಗತಿತ್ತೇನು?"

ಬೇರೆ ಯಾರೇ ಆಗಿದ್ದರೂ ಇದು ಒಂದು ಪ್ರಶ್ನೆ ಅಷ್ಟೇ. ಅಕ್ಕನ ಬಾಯಲ್ಲಿ ಈ ಪ್ರಶ್ನೆ ಹುಟ್ಟಿತಲ್ಲ, ಅದಕ್ಕೆ ಕಾರಣರಾದವರನ್ನು ನಾನು ಕ್ಷಮಿಸುವುದಿಲ್ಲ. ಇಲ್ಲ ಅಕ್ಕ, ಇವರು ಸ್ಕ್ಯಾನ್ ಹಾಳು ಮಾಡಿದ್ದಾರೆ, ಸ್ಲೈಡ್ ಇಸ್ಕೊಂಡು ಬಂದು ನಾನೇ ಎಲ್ಲ ಮತ್ತೆ ಮಾಡ್ತೀನಿ ಎಂದೆ. ಅವರು ತಲೆಯಾಡಿಸಿದರು.

ಮರುದಿನ ಅಧ್ಯಕ್ಷರಿಗೆ ಫೋನು ಮಾಡಿದೆ.

"ಸ್ಲೈಡ್ ಟ್ರೇಗಳು ಎಲ್ಲಿವೆ?"

"ಅಯ್ಯೋ, ಗರಾಜ್ ಕ್ಲೀನ್ ಮಾಡಿದ್ವಲ್ಲ ಮೇಡಂ. ಎಲ್ಲಾ ಡಿಜಿಟಲ್ ಆಯ್ತಲ್ಲ, ಇನ್ಯಾಕೆ ಅಂತ ಕಸಕ್ಕೆ ಹಾಕಿದ್ವಿ. ಅವರ ಮಗಳನ್ನೂ ಕೇಳಿದ್ವಿ, ವಾಪಸ್ ಬೇಡ ಅಂದ್ರು."

"ಎಷ್ಟಕ್ಕೆ ಸ್ಕ್ಯಾನ್ ಮಾಡಿದ್ರಿ?"

"ಮುನ್ನೂರು ಡಿಪಿಐ. ಪ್ರಿಂಟರ್‌ನವರೇ ಹೇಳಿದ್ದು."

"ಯಾವುದರ ಇಂಚಿಗೆ?"

"ಅಂದ್ರೆ?"

"ಮುನ್ನೂರು ಚುಕ್ಕಿ ಯಾವುದರ ಇಂಚಿಗೆ? ಸ್ಲೈಡಿಂದೋ ಪೇಪರಿಂದೋ?"

"ಮೇಡಂ, ನೀವು ಸುಮ್ನೆ ಟೆನ್ಷನ್ ಮಾಡ್ಕೋತಿದೀರ. ಮೊದ್ಲು ಸಣ್ಣದಾಗಿ ಬಂದಿತ್ತು, ನಾವೇ ಸಾಫ್ಟ್‌ವೇರಲ್ಲಿ ದೊಡ್ಡದು ಮಾಡಿಸಿದ್ವಿ. ಒಂದೊಂದು ಫೈಲೂ ಹತ್ತು ಎಂಬಿ ಇದೆ."

ಸಾರು ಸಾಲದೆಂದು ನೀರು ಹುಯ್ದು, ನೋಡಿ ಪಾತ್ರೆ ತುಂಬಿದೆ ಎನ್ನುವವರಿಗೆ ಏನು ಹೇಳುವುದು? ಇಪ್ಪತ್ತು ಜನ ಊಟಕ್ಕೆ ಕೂತಿರುವ ಚಿತ್ರದ ಅಡ್ಡಕ್ಕೆ ನಾನೂರಿಪ್ಪತ್ತು ಚುಕ್ಕಿ ಎಂದರೆ ಒಬ್ಬೊಬ್ಬರ ಪಾಲಿಗೆ ಇಪ್ಪತ್ತೊಂದು, ಮುಖಕ್ಕೆ ಹತ್ತು. ಹತ್ತು ಚುಕ್ಕಿಯಲ್ಲಿ ಬಾಗಿಲ ಮುಂದಿನ ಕಮಲ ಬರೆಯಬಹುದು, ಮನುಷ್ಯರ ಮುಖ ಬರೆಯಲಾಗುವುದಿಲ್ಲ. ಆ ಮುಖಗಳನ್ನು ಹತ್ತು ಚುಕ್ಕಿಗೆ ಇಳಿಸಿ, ಮೂಲವನ್ನು ಕಸದ ಗಾಡಿಗೆ ಹಾಕಿ, ಆಮೇಲೆ ತೆಗೆದವಳ ಕೈ ನಡುಗಿತ್ತು ಎಂದು ಮೈಕಿನಲ್ಲಿ ಹೇಳಿದರು. ಸ್ಕ್ಯಾನ್ ತಪ್ಪುವುದು ದೊಡ್ಡದಲ್ಲ, ಯಾರಿಗಾದರೂ ತಪ್ಪೀತು. ನಾನೂ ಮೊದಲ ದಿನ ಮುನ್ನೂರನ್ನೇ ಒತ್ತಿದ್ದೆ. ಆದರೆ ಚಿತ್ರ ಮಸುಕಾಗಿ ಬಂದಾಗ ಇವರೆಲ್ಲ ಐಟಿಯವರಲ್ಲವೇ, ಒಬ್ಬರಿಗಾದರೂ ತಮ್ಮ ಕೈಯ ಮೇಲೆ ಅನುಮಾನ ಬರಬಾರದಿತ್ತೇ? ಬಂದದ್ದು ಮುದುಕಿಯ ಕೈಯ ಮೇಲೆ.

ಅಕ್ಕನಿಗೆ ಹೇಳದೆ ಉಪಾಯವಿರಲಿಲ್ಲ. ಶನಿವಾರ ಹೋಗಿ ಹೇಳಿದೆ. "ಟ್ರೇನೂ ಒಗದ್ರೇನು?" ಎಂದರು. ಆಮೇಲೆ ತೊಡೆಯ ಮೇಲಿನ ಕೈಗಳನ್ನೇ ನೋಡುತ್ತ ಕೂತರು. ನಾನು ಅಭ್ಯಾಸದ ಸ್ಲೈಡನ್ನು ಪರ್ಸಿನಲ್ಲಿ ಒಯ್ದಿದ್ದೆ. ಸ್ಕ್ಯಾನರಿನ ಜೊತೆ ಅದೂ ನನ್ನ ಬಳಿಯೇ ಉಳಿದಿತ್ತು. ಅವರ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಇದ್ದೊಂದು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು, ಅಂಚಿನಿಂದ ಅಂಚಿಗೆ ನಿಧಾನವಾಗಿ ನೋಡಿದರು.

"ನಡುಗಿಲ್ಲ" ಎಂದರು.

"ಇಲ್ಲ ಅಕ್ಕ."

"ಆದ್ರೂ ಇದು ಕೆಟ್ಟ ಫೋಟೋ. ನೆರಳು ಬಿದ್ದೈತಿ. ಒಗಿ ಅತ್ಲಾಗ."

ನಾನು ಅದನ್ನು ಮತ್ತೆ ಪರ್ಸಿನಲ್ಲಿಟ್ಟುಕೊಂಡೆ. ಅಂದು ಅವರ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿತೆಂದು ನನಗೆ ಸಮಾಧಾನ. ಉಳಿದವರಿಗೆ ಸಿಕ್ಕಿರಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಅಕ್ಕ ಹೋದರು.

ಶ್ರದ್ಧಾಂಜಲಿ ಸಭೆಗೆ ಹೋಗಬಾರದೆಂದಿದ್ದೆ. ಹೋದೆ. ಅದೇ ಪರದೆ, ಅದೇ ಮಂಜಿನ ಮುದ್ದೆಗಳು, ಈ ಸಲ ಹಿನ್ನೆಲೆಯಲ್ಲಿ ಕೊಳಲು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಆಂಟಿ ಫೋಟೋಗಳು ಮಸುಕಾಗಿರಬಹುದು, ಆದ್ರೆ ಅವರ ಪ್ರೀತಿ" ಎನ್ನುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ಮಸುಕಾಗಿದ್ದು ಅವರ ಫೋಟೋ ಅಲ್ಲ, ನಿಮ್ಮ ಸ್ಕ್ಯಾನು" ಎಂದೆ. "ನೂರಕ್ಕೆ ಏಳು ಪಾಲು ಇಟ್ಕೊಂಡು ಉಳಿದದ್ದನ್ನ ಕಸಕ್ಕೆ ಹಾಕಿದ್ದೀರಿ, ಅದೂ ಅಡ್ಡಕ್ಕೆ ಮಾತ್ರ ಲೆಕ್ಕ ಹಾಕಿದ್ರೆ. ಅವರ ಕೈ ನಡುಗಿತ್ತು ಅಂತ ಇನ್ನೊಂದ್ಸಲ ಹೇಳ್ಬೇಡಿ."

"ಮೇಡಂ, ಇದು ಸಂದರ್ಭ ಅ‌ಲ್ಲ."

"ಇದೇ ಸಂದರ್ಭ. ಅದೇ ಕ್ಯಾಮೆರಾದ ಒಂದು ಸ್ಲೈಡ್ ನನ್ನ ಹತ್ರ ಇದೆ. ಅನುಮಾನ ಇದ್ದೋರು ಮನೆಗೆ ಬಂದು ನೋಡಿ."

ನನ್ನ ಗಂಡ ನೆಲ ನೋಡುತ್ತಿದ್ದ. ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕನ ಮಗಳು ತಿರುಗಿ ನನ್ನನ್ನೇ ನೋಡುತ್ತಿದ್ದಳು. ಸಭೆ ಮುಗಿದ ಮೇಲೆ ನಾಲ್ಕೈದು ಜನ ಹತ್ತಿರ ಬಂದರು. ಅಧ್ಯಕ್ಷರೂ ಬಂದರು. "ಆ ಫೋಟೋ ವಾಟ್ಸ್ಯಾಪ್ ಮಾಡಿಬಿಡಿ ಮೇಡಂ, ಗ್ರೂಪಲ್ಲಿ ಹಾಕ್ತೀವಿ." ಐದೂವರೆ ಸಾವಿರ ಚುಕ್ಕಿಯನ್ನು ವಾಟ್ಸ್ಯಾಪಿಗೆ ತುರುಕಿ ಮತ್ತೆ ಒಂದೂವರೆ ಸಾವಿರ ಮಾಡುವ ಉಪಕಾರ ಬೇಡವೆಂದೆ. ಮನೆಗೆ ಬರುತ್ತೇವೆ ಎಂದವರು ಯಾರೂ ಬರಲಿಲ್ಲ.

ಮುಂದಿನ ಭಾನುವಾರ ಅಕ್ಕನ ಮಗಳು ಬಂದಳು, ಒಬ್ಬಳೇ. ಡೆಟ್ರಾಯಿಟ್‌ನಲ್ಲಿ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅವಳಿಗೆಂದು ನಾನು ಮಾತುಗಳನ್ನು ಕೂಡಿಟ್ಟಿದ್ದೆ. ಟ್ರೇ ಬೇಡ ಎಂದವಳು ಅವಳೇ ತಾನೆ. ಮೊದಲು ನೋಡಲಿ, ಆಮೇಲೆ ಬೈಯೋಣ ಎಂದುಕೊಂಡು ಟಿವಿಯಲ್ಲಿ ಚಿತ್ರ ಹಾಕಿದೆ.

ಡೆಟ್ರಾಯಿಟ್ ನದಿಯ ದಂಡೆಯ ಪಾರ್ಕು, ಆಚೆ ದಡದಲ್ಲಿ ಕೆನಡಾ. ಡಿಕ್ಕಿ ತೆರೆದ ಕಾರು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಆರೇಳು ಜನ. ಹುಲ್ಲಿನ ಮೇಲೆ ಒಬ್ಬ ಹುಡುಗಿ ಅಳುತ್ತ ಕೂತಿದ್ದಾಳೆ. ದೊಡ್ಡದು ಮಾಡಿದೆ. ಕೈಗಡಿಯಾರದಲ್ಲಿ ಎರಡು ಗಂಟೆ. ಹುಡುಗಿಯ ಮಂಡಿಗೆ ಅಂಟಿಸಿದ ಬ್ಯಾಂಡೇಜಿನ ಸಣ್ಣ ತೂತುಗಳು ಕಾಣುತ್ತಿದ್ದವು. ಮಗಳು ಕುರ್ಚಿಯ ತುದಿಗೆ ಸರಿದಳು. ಸೈಕಲ್ಲಿನಿಂದ ಬಿದ್ದದ್ದು ನೆನಪಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಪ್ಪನ ಮುಖ, ಅಪ್ಪನ ಅಂಗಿಯ ಗುಂಡಿ, ರೊಟ್ಟಿಯ ಮೇಲಿನ ಸುಟ್ಟ ಕಲೆ, ಎಲ್ಲ ನೋಡಿದಳು. ಆಮೇಲೆ ಕೈಚೀಲದಿಂದ ಪೆನ್ ಡ್ರೈವ್ ತೆಗೆದು ನನ್ನ ಮುಂದೆ ಹಿಡಿದಳು. ಸಮಿತಿಯವರು ತಮ್ಮ ಸ್ಕ್ಯಾನುಗಳನ್ನು ತುಂಬಿ ಕೊಟ್ಟಿದ್ದ ಪೆನ್ ಡ್ರೈವ್. ಅವಳ ಬಾಯಲ್ಲಿ ಅಷ್ಟು ವರ್ಷದಲ್ಲಿ ನಾನು ಕೇಳದಿದ್ದ ಹುಬ್ಬಳ್ಳಿಯ ಕನ್ನಡ ಬಂತು.

"ಉಳಿದಾವೂ ಹಿಂಗ ಮಾಡಿಕೊಡ್ತಿ ಏನು? ಅವಸರ ಇಲ್ಲ."

ಕೂಡಿಟ್ಟ ಮಾತುಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ಪೆನ್ ಡ್ರೈವ್ ತೆಗೆದುಕೊಳ್ಳಲೂ ಆಗಲಿಲ್ಲ. "ಆಗಲ್ಲ ಕಣೆ" ಎಂದೆ. "ಅದರಲ್ಲಿ ಅಷ್ಟು ಚುಕ್ಕಿಗಳೇ ಇಲ್ಲ. ನಿಮ್ಮಮ್ಮ ಹೇಳ್ತಿದ್ರು, ಉಪ್ಪಿನ ಹಾಗಲ್ಲ ಇದು, ತೆಗೆಯೋಕೆ ಬರುತ್ತೆ, ಹಾಕೋಕೆ ಬರಲ್ಲ ಅಂತ." ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಪೆನ್ ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಅವಳನ್ನು ಬೈಯುವ ಅಗತ್ಯವೇ ಉಳಿಯಲಿಲ್ಲ. ನನ್ನ ಸಿಟ್ಟೇನೂ ಇಳಿದಿರಲಿಲ್ಲ.

ಆಮೇಲೆ ಎದ್ದು ಟಿವಿಯ ಹತ್ತಿರ ಹೋದಳು. ಚಿತ್ರದ ಕೆಳಗಿನ ಅಂಚಿನಿಂದ ಹುಲ್ಲಿನ ಮೇಲೆ ಚಾಚಿಕೊಂಡಿದ್ದ ಕಪ್ಪು ನೆರಳನ್ನು ಬೆರಳಿನಿಂದ ಮುಟ್ಟಿದಳು.

"ಇದು ಯಾರು?"

"ನಿಮ್ಮಮ್ಮ. ಅವರಿರೋದು ಇದೊಂದರಲ್ಲೇ. ಅದಕ್ಕೇ ಇದನ್ನ ಕೆಟ್ಟ ಫೋಟೋ ಅಂತಿದ್ರು."

"ದೊಡ್ಡದು ಮಾಡು."

ಮಾಡಿದೆ. ಪರದೆಯ ತುಂಬ ಹುಲ್ಲು ಬಂತು. ನೆರಳಿನೊಳಗೂ ಒಂದೊಂದು ಎಸಳು ಬೇರೆ ಬೇರೆ ಕಂಡಿತು. ಗಾಳಿಗೆ ಹಾರಿದ ಸೆರಗು, ಮುಖದ ಮುಂದೆ ಎತ್ತಿ ಹಿಡಿದ ಕ್ಯಾಮೆರಾ. ಮೊಣಕೈ ಎರಡೂ ಪಕ್ಕೆಗೆ ಒತ್ತಿದ್ದವು, ಎಷ್ಟು ಬಿಗಿಯಾಗಿ ಎಂದರೆ ತೋಳಿಗೂ ಮೈಗೂ ನಡುವೆ ಬಿಸಿಲು ನುಸುಳಲು ಜಾಗವಿರಲಿಲ್ಲ. ಮಗಳು ತನ್ನ ಮೊಣಕೈಗಳನ್ನೂ ಹಾಗೇ ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಟ್ಟು, ನೆರಳನ್ನೇ ನೋಡುತ್ತ ನಿಂತಳು.

"ನಡುಗಿಲ್ಲ" ಎಂದಳು.